ಹೇಮಾವತಿಯ ಮೂಲವೂ ಗೋಣಿಬೀಡಿನ ಮರಗಳೂ

ಹೇಮಾವತಿಯ ನೀರು ಯಾರಿಗೆ ಸಲ್ಲಬೇಕೆಂಬ ವಾದವು ನಮ್ಮ ನಾಡಿಗೆ ಹೊಸದಲ್ಲ. 2024ರಲ್ಲಿಯೂ 2025ರಲ್ಲಿಯೂ ಅದು ಮತ್ತೊಮ್ಮೆ ಬೀದಿಗೆ ಬಂದಿತು. ಕುಣಿಗಲಿನ ಕಡೆಗೆ ನೀರೊಯ್ಯುವ ಎಕ್ಸ್‌ಪ್ರೆಸ್ ಕಾಲುವೆಯ ವಿಷಯವಾಗಿ ತುಮಕೂರು ಜಿಲ್ಲೆಯ ರೈತರು ಚಳವಳಿ ಹೂಡಿದರು. ಸಭೆಗಳು ನಡೆದುವು, ಪಕ್ಷ ಪಕ್ಷಗಳ ಮುಖಂಡರು ಮಾತನಾಡಿದರು. ನೀರಿನ ಹಂಚಿಕೆಯು ಸಣ್ಣ ಪ್ರಶ್ನೆಯೆಂದು ನಾವು ಹೇಳತಕ್ಕವರಲ್ಲ. ಆದರೆ ಇಷ್ಟೊಂದು ಗದ್ದಲದ ನಡುವೆ ಮತ್ತೊಂದು ಪ್ರಶ್ನೆಯು ಕೇಳಿಬಂದಂತೆ ಕಾಣಲಿಲ್ಲ. ಈ ನೀರು ಬರುವುದಾದರೂ ಎಲ್ಲಿಂದ? ಅದು ನಮ್ಮ ಮಕ್ಕಳ ಕಾಲಕ್ಕೂ ಬರುವುದೆಂಬುದಕ್ಕೆ ಹೊಣೆ ಯಾರು? ಪಾಲು ಕೇಳುವವರು ನೂರು ಮಂದಿ. ಪಾಲಿನ ಮೂಲವನ್ನು ಕಾಯುವವರು ಯಾರೆಂದು ಕೇಳಿದರೆ ಉತ್ತರವಿಲ್ಲ.

ಹೇಮಾವತಿಯು ಮೂಡಿಗೆರೆ ತಾಲೂಕಿನ ಜಾವಳಿಯ ಬಳಿ ಹುಟ್ಟಿ, ಸಕಲೇಶಪುರವನ್ನು ಹಾಯ್ದು, 1979ರಲ್ಲಿ ಪೂರ್ತಿಯಾದ ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ಕೊನೆಗೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆಂಬುದನ್ನು ನಮ್ಮ ವಾಚಕರು ಬಲ್ಲರು. ಅಣೆಕಟ್ಟಿನಿಂದ ಹೊರಟ ಕಾಲುವೆಗಳು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆಗಳನ್ನು ಮುಟ್ಟುತ್ತವೆ. ಆ ನೀರಿನ ತವರೆಂದರೆ ಮೂಡಿಗೆರೆಯ ಮಲೆಗಳು. ಅಲ್ಲಿಯ ಸಾವಿರಾರು ಸಣ್ಣ ಹಳ್ಳಗಳು. ಆ ಹಳ್ಳಗಳ ಎರಡು ಮಗ್ಗುಲಲ್ಲಿಯೂ ಹಬ್ಬಿರುವ ಕಾಫಿಯ ತೋಟಗಳು. ಗೋಣಿಬೀಡು ಆ ಸೀಮೆಯ ಒಂದು ಹೋಬಳಿಯ ಊರು. ಹೊಯ್ಸಳರ ಮೂಲಸ್ಥಾನವೆಂದು ಪ್ರಸಿದ್ಧವಾದ ಅಂಗಡಿಯೂ ಇದೇ ತಾಲೂಕಿನದು. ಒಂದು ರಾಜ್ಯವು ಕಾಡಿನ ಮರೆಯಲ್ಲಿ ಹುಟ್ಟಿ ಬಯಲಿಗೆ ಇಳಿದು ಬೆಳೆಯಿತು, ನದಿಯೂ ಹಾಗೆಯೇ. ಆದುದರಿಂದ ಗೋಣಿಬೀಡಿನಲ್ಲಿ ಯಾವ ಮರ ನಿಲ್ಲುತ್ತದೆ, ಯಾವ ಮರ ಬೀಳುತ್ತದೆ, ಅಲ್ಲಿಯ ಹಳ್ಳಕ್ಕೆ ಏನನ್ನು ಬಿಡುತ್ತಾರೆ ಎಂಬುದು ಮಲೆನಾಡಿನವರ ಮನೆವಾರ್ತೆಯೆಂದು ಬಯಲುಸೀಮೆಯವರು ಎಣಿಸಕೂಡದು.

ಈ ಮಲೆಗಳ ರಕ್ಷಣೆಯ ಬಗ್ಗೆ ದೊಡ್ಡವರ ಮಟ್ಟದಲ್ಲಿ ನಡೆದಿರುವುದನ್ನು ಮೊದಲು ಹೇಳಿಬಿಡುವೆವು. ಮಾಧವ ಗಾಡ್ಗೀಳರ ಸಮಿತಿಯು 2011ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಕಸ್ತೂರಿರಂಗನ್ನರ ಸಮಿತಿಯ ವರದಿಯು 2013ರಲ್ಲಿ ಬಂದಿತು. 2014ರ ಮಾರ್ಚಿ ತಿಂಗಳಲ್ಲಿ ಕೇಂದ್ರ ಸರ್ಕಾರವು ಮೊದಲನೆಯ ಕರಡನ್ನು ಪ್ರಕಟಿಸಿತು. 2024ರ ಜುಲೈ 31ರಂದು ಹೊರಟದ್ದು ಆರನೆಯದು. ಅದರಂತೆ ಕರ್ನಾಟಕದ 20,668 ಚದರ ಕಿಲೋಮೀಟರು ಪ್ರದೇಶವು ಸೂಕ್ಷ್ಮವೆಂದು ಗುರುತಿಸಲ್ಪಟ್ಟಿತು. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಗ್ರಾಮಗಳೂ ಅದರಲ್ಲಿ ಸೇರಿದ್ದುವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಮಂತ್ರಿಮಂಡಲವು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವುದಾಗಿ ತೀರ್ಮಾನಿಸಿತು. ದಿಲ್ಲಿಯು ಬರೆಯುವುದು, ಬೆಂಗಳೂರು ಒಲ್ಲೆನೆನ್ನುವುದು, ಮತ್ತೆ ದಿಲ್ಲಿಯು ಬರೆಯುವುದು: ಹತ್ತು ವರ್ಷಗಳ ಆಡಳಿತದ ಫಲವು ಇಷ್ಟೇ.

ಈ ಹತ್ತು ವರ್ಷಗಳಲ್ಲಿ ಮಲೆನಾಡಿನ ಸಾಮಾನ್ಯ ಒಕ್ಕಲಿಗನಿಗೆ ತಿಳಿದದ್ದಾದರೂ ಏನು? ತನ್ನ ಮನೆಮಠವನ್ನು ಎತ್ತಿಸಿಬಿಡುವರೆಂದು ಒಬ್ಬರು ಹೆದರಿಸಿದರು. ಏನೂ ಆಗುವುದಿಲ್ಲವೆಂದು ಇನ್ನೊಬ್ಬರು ನಂಬಿಸಿದರು. ಆ ಕರಡು ನಿಷೇಧಿಸಲು ಹೊರಟದ್ದು ಗಣಿ, ಕಲ್ಲುಕ್ವಾರಿ, ಮರಳು ತೆಗೆಯುವುದು, ಉಷ್ಣವಿದ್ಯುತ್ತಿನ ಹೊಸ ಸ್ಥಾವರಗಳು, ಹೆಚ್ಚು ಮಾಲಿನ್ಯಕಾರಿಯಾದ ಹೊಸ ಕೈಗಾರಿಕೆಗಳು, ಭಾರಿ ಕಟ್ಟಡಗಳು, ಇಂಥವನ್ನು; ತೋಟವನ್ನಾಗಲಿ ಗದ್ದೆಯನ್ನಾಗಲಿ ಮಾಡಕೂಡದೆಂದು ಅದು ಹೇಳಲಿಲ್ಲ. ಇದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳುವ ಕೆಲಸವನ್ನು ಮನಸ್ಸಿಟ್ಟು ಮಾಡಿದ್ದರೆ ಅರ್ಧ ಭಯವು ಕರಗುತ್ತಿತ್ತು. ಗಾಡ್ಗೀಳರ ವರದಿಯ ತಿರುಳಾದರೋ ಗ್ರಾಮಸಭೆಯನ್ನು ಕೇಳಿಯೇ ನಿಶ್ಚಯಿಸಬೇಕೆಂಬುದಾಗಿತ್ತು. ಆ ತಿರುಳನ್ನು ಬಿಟ್ಟು ಸಿಪ್ಪೆಗಾಗಿ ಎರಡು ಸರ್ಕಾರಗಳೂ ಜಗ್ಗಾಡಿದುವೆಂದರೆ ತಪ್ಪಾಗಲಾರದು.

ಇರಲಿ. ನಾವು ಇಂದು ಬರೆಯಹೊರಟಿರುವುದು ಆ ಜಗ್ಗಾಟವನ್ನು ಕುರಿತಲ್ಲ. ಯಾವ ಅಧಿಸೂಚನೆಯೂ ಮುಟ್ಟದ ಒಂದು ಸ್ಥಳವುಂಟು. ಅದು ತೋಟದ ಬೇಲಿಯ ಒಳಗಿನ ನೆಲ. ಮಲೆನಾಡಿನ ಹಸುರಿನಲ್ಲಿ ಬಹುಭಾಗವು ಸರ್ಕಾರದ ಅರಣ್ಯದಲ್ಲಿಲ್ಲ, ಪ್ರಜೆಗಳ ಹಿಡುವಳಿಯಲ್ಲಿದೆ. ಅಲ್ಲಿ ನಡೆಯುವುದನ್ನು ಕಾನೂನು ನೆಟ್ಟಗೆ ನೋಡಿಲ್ಲ. ನೋಡಿದ ಕಡೆ ತಿರುಚಿ ನೋಡಿದೆ.

ಗೋಣಿಬೀಡೆಂಬ ಹೆಸರಿನಲ್ಲಿಯೇ ಒಂದು ಮರದ ಹೆಸರು ಕೇಳಿಸುತ್ತದೆ. ಗೋಣಿಯು ಆಲ, ಅತ್ತಿ, ಬಸರಿಗಳ ಬಳಗಕ್ಕೆ ಸೇರಿದ ಮಹಾವೃಕ್ಷ. ಕಾಫಿಗೆ ನೆರಳಾಗಿ ನಿಲ್ಲಿಸಲು ಯಾವ ಮರಗಳು ಉತ್ತಮವೆಂದು ಕೇಳಿದರೆ, ಅನುಭವಸ್ಥರಾದ ತೋಟಗಾರರೂ ಬಾಳೆಹೊನ್ನೂರಿನ ಕಾಫಿ ಸಂಶೋಧನಾಲಯದವರೂ ಹೇಳುವ ಹೆಸರುಗಳಲ್ಲಿ ಅತ್ತಿ, ಬಸರಿ, ಗೋಣಿ, ಹಲಸು, ಬೀಟೆ ಮೊದಲಾದುವು ಸೇರಿವೆ. ಆ ಸಂಶೋಧನಾಲಯವು 1925ರಷ್ಟು ಹಿಂದೆ ಹುಟ್ಟಿದ್ದು. ನಮ್ಮವರ ಪದ್ಧತಿಯು ಎರಡು ಅಂತಸ್ತಿನ ನೆರಳು: ಕೆಳಗೆ ಹಾಲವಾಣ, ಮೇಲೆ ಕಾಡಿನ ಹೆಮ್ಮರಗಳು. ಹಾಲವಾಣವು ಎಲೆ ಉದುರಿಸಿ ನೆಲಕ್ಕೆ ಸಾರಜನಕವನ್ನು ಕೂಡಿಸುತ್ತದೆ. ಹೆಮ್ಮರವು ಬಿಸಿಲಿನ ಮೊನೆಯನ್ನೂ ಮಳೆಯ ಏಟನ್ನೂ ತಡೆಯುತ್ತದೆ. ಪ್ರತಿ ವರ್ಷ ಮುಂಗಾರಿಗೆ ಮುನ್ನ ಮರಗಸಿ ಮಾಡಿ ಬೇಕಾದಷ್ಟೇ ಬೆಳಕನ್ನು ಒಳಗೆ ಬಿಡುತ್ತಾರೆ. ಬ್ರೆಜಿಲ್ ದೇಶದ ಬಯಲು ತೋಟಗಳಿಗೂ ನಮ್ಮ ತೋಟಗಳಿಗೂ ಇರುವ ಅಂತರವು ಇದೇ. ಕಾಡನ್ನು ಪೂರ್ತಿ ನೀಗದೆ ಅದರ ಮಡಿಲಲ್ಲಿಯೇ ಬೆಳೆ ತೆಗೆಯುವ ಈ ವಿದ್ಯೆಯನ್ನು ನಾವು ಯಾರಿಂದಲೂ ಕಲಿಯಬೇಕಾದುದಿಲ್ಲ.

ಆದರೆ ಇಂದು ಮೂಡಿಗೆರೆ ಸೀಮೆಯ ಮಾರ್ಗಗಳಲ್ಲಿ ಹೋಗುವವನ ಕಣ್ಣಿಗೆ ಬೀಳುವುದೇನು? ಒಂದರ ಪಕ್ಕದಲ್ಲೊಂದು ಕಂಬ ನೆಟ್ಟಂತೆ ನಿಂತಿರುವ ಸಿಲ್ವರ್ ಮರಗಳ ಸಾಲು. ಆಸ್ಟ್ರೇಲಿಯಾ ಖಂಡದಿಂದ ಬಂದ ಈ ಮರವು ಬೇಗ ಬೆಳೆಯುತ್ತದೆ, ನೆಟ್ಟಗೆ ಏರುತ್ತದೆ, ಕಾಳುಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆಯಾಗುತ್ತದೆ, ಹಣದ ಅಡಚಣೆ ಬಂದಾಗ ಮಾರಾಟಕ್ಕೂ ಒದಗುತ್ತದೆ. ಇವೆಲ್ಲವೂ ನಿಜವಾದ ಅನುಕೂಲಗಳು. ಅದನ್ನು ನೆಟ್ಟವನನ್ನು ನಾವು ಮೂರ್ಖನೆನ್ನಲಾರೆವು. ಆದರೆ ಅದರ ನೆರಳು ತೆಳು. ಅದರ ತರಗೆಲೆಯು ಬೇಗ ಮಣ್ಣಾಗದು. ಹಣ್ಣು ತಿನ್ನುವ ಹಕ್ಕಿಗೆ ಅದರಲ್ಲಿ ಕೂಳಿಲ್ಲ. ಒಂದು ಅತ್ತಿಯ ಮರವು ಹಣ್ಣು ಬಿಟ್ಟ ದಿನ ಅಲ್ಲಿ ನೆರೆಯುವ ಮಂಗಟ್ಟೆ, ಕುಟ್ರುಹಕ್ಕಿ, ಬಾವಲಿಗಳ ಸಂತೆಯನ್ನು ಕಂಡವರಿಗೆ ಈ ಮಾತಿನ ಅರ್ಥ ತಿಳಿಯುವುದು. ಇದೇ ತಾಲೂಕಿನ ತೋಟದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಆ ಸಂತೆಯನ್ನು ಕಾಣುವ ಕಣ್ಣನ್ನು ಕನ್ನಡಿಗರಿಗೆ ಕೊಟ್ಟುಹೋದರು. ಕಣ್ಣು ಬಂದಿದೆ, ಮರವು ಹೋಗುತ್ತಿದೆ.

ಹೋಗುವುದಕ್ಕೆ ಕಾರಣವೇನೆಂದು ವಿಚಾರಿಸಿದರೆ, ತೋಟಗಾರನ ದುರಾಶೆಯೆಂದು ಪಟ್ಟಣದವರು ಸುಲಭವಾಗಿ ಹೇಳಿಬಿಡುವರು. ನಮ್ಮ ಅಭಿಪ್ರಾಯದಲ್ಲಿ ಅದಕ್ಕಿಂತ ದೊಡ್ಡ ಕಾರಣವು ಶಾಸನದ ಪುಸ್ತಕದಲ್ಲಿದೆ. 1976ರ ಕರ್ನಾಟಕ ವೃಕ್ಷಸಂರಕ್ಷಣಾ ಕಾನೂನಿನ ಪ್ರಕಾರ, ಹಿಡುವಳಿದಾರನು ತನ್ನ ಸ್ವಂತ ಭೂಮಿಯ ಮರವನ್ನು ಕಡಿಯಬೇಕಾದರೂ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ಆದರೆ ನೀಲಗಿರಿ, ಸರ್ವೆ, ರಬ್ಬರು, ಸಿಲ್ವರ್ ಓಕ್ ಮೊದಲಾದ ಕೆಲವು ಜಾತಿಗಳಿಗೆ ಈ ನಿರ್ಬಂಧವಿಲ್ಲ. ಕಾನೂನನ್ನು ಬರೆದವರ ಉದ್ದೇಶವು ಒಳ್ಳೆಯದೇ: ನಾಡಿನ ಮರವನ್ನು ಉಳಿಸುವುದು, ಬೆಳೆಸಿ ಕಡಿಯುವ ಮರಕ್ಕೆ ಅಡ್ಡಿಮಾಡದಿರುವುದು. ಆದರೆ ತೋಟಗಾರನ ಕಣ್ಣಿನಿಂದ ಇದನ್ನು ನೋಡಿರಿ. ಅವನು ಒಂದು ಹೊನ್ನೆಯನ್ನೋ ನಂದಿಯನ್ನೋ ನೆಟ್ಟರೆ, ಮೂವತ್ತು ವರ್ಷಗಳ ಮೇಲೆ ಅವನ ಮಗನು ಅರ್ಜಿ ಹಿಡಿದು ಕಚೇರಿಯ ಬಾಗಿಲಿನಲ್ಲಿ ನಿಲ್ಲಬೇಕು. ಸಿಲ್ವರನ್ನು ನೆಟ್ಟರೆ ಯಾರ ಹಂಗೂ ಇಲ್ಲ. ಹೀಗಿರುವಲ್ಲಿ ಬುದ್ಧಿವಂತನಾದವನು ಯಾವುದನ್ನು ನೆಡುವನು? ತಾನಾಗಿ ಹುಟ್ಟಿದ ನಂದಿಯ ಸಸಿಯು ಕಳೆ ತೆಗೆಯುವಾಗ ಕತ್ತಿಯ ಬಾಯಿಗೆ ಬಿದ್ದರೆ ಅಚ್ಚರಿಯೇನು? ನಾಡಮರವನ್ನು ಕಾಯಹೊರಟ ಕಾನೂನು ನಾಡಮರದ ಮರಿಯನ್ನು ಕೊಂದಿತು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಶ್ರೀಗಂಧದ ಕಥೆಯೇ ಸಾಕ್ಷಿ. ಟಿಪ್ಪುವಿನ ಕಾಲದಿಂದ ಗಂಧವು ರಾಜವೃಕ್ಷವಾಗಿದ್ದಿತು. ಯಾರ ಹೊಲದಲ್ಲಿ ಹುಟ್ಟಿದರೂ ಮರವು ಸರ್ಕಾರದ್ದು. ಕಳ್ಳರು ಕಡಿದರೆ ಕಾಟವು ಮಾತ್ರ ಹೊಲದವನದು. ಗಂಧದ ನಾಡೆಂದು ಲೋಕದಲ್ಲೆಲ್ಲಾ ಹೆಸರಾದ ಈ ದೇಶದಲ್ಲಿ ರೈತನು ಗಂಧದ ಸಸಿಯನ್ನು ಕಂಡರೆ ಅಂಜುವಂತಾಯಿತು. 2001ರಲ್ಲಿ ಕಾನೂನನ್ನು ತಿದ್ದಿ, ಹಿಡುವಳಿಯ ಗಂಧದ ಮೇಲೆ ಹಿಡುವಳಿದಾರನಿಗೇ ಹಕ್ಕನ್ನು ಕೊಟ್ಟರು. ಅಂದಿನಿಂದ ರೈತರು ತಾವಾಗಿ ಗಂಧವನ್ನು ನೆಡತೊಡಗಿದರು. ಹಕ್ಕು ಇಲ್ಲದ ಕಡೆ ಅಕ್ಕರೆ ಹುಟ್ಟದೆಂಬ ಪಾಠವನ್ನು ನಮ್ಮ ಸರ್ಕಾರವು ಒಂದು ಮರದಿಂದ ಕಲಿತಿದೆ. ಉಳಿದ ಮರಗಳಿಗೂ ಅದನ್ನು ಏಕೆ ಅನ್ವಯಿಸಬಾರದು?

ನಿರ್ಬಂಧವನ್ನು ತೆಗೆದೊಡನೆ ಇರುವ ಹಳೆಯ ಮರಗಳೂ ಲಾರಿಯೇರುವುವಲ್ಲಾ ಎಂದು ಅರಣ್ಯಾಧಿಕಾರಿಗಳು ಕೇಳಬಹುದು. ಈ ಆಕ್ಷೇಪಣೆಯು ಗಟ್ಟಿಯಾದುದು. 2000ದ ಸುಮಾರಿನಲ್ಲಿ ಕಾಫಿಯ ಬೆಲೆ ಕುಸಿದ ವರ್ಷಗಳನ್ನು ಬಲ್ಲ ಯಾರೂ ಇದನ್ನು ತಳ್ಳಿಹಾಕಲಾರರು. ಸಾಲದ ಕಾಲದಲ್ಲಿ ಮರವೇ ತೋಟಗಾರನ ಕೊನೆಯ ಬ್ಯಾಂಕು. ಆದುದರಿಂದ ನಾವು ಎರಡನ್ನೂ ಬೇರ್ಪಡಿಸಬೇಕೆನ್ನುತ್ತೇವೆ. ಈಗ ನಿಂತಿರುವ ಹಳೆಯ ಮರಗಳಿಗೆ ರಕ್ಷಣೆಯು ಇರಲಿ. ಇಂದಿನಿಂದ ಮುಂದೆ ನೆಟ್ಟು ಬೆಳೆಸಿದ ನಾಡಮರಗಳನ್ನು ಗ್ರಾಮಪಂಚಾಯತಿಯ ಒಂದು ಪುಸ್ತಕದಲ್ಲಿ ಬರೆಯಿಸಲಿ. ಹಾಗೆ ಬರೆಯಿಸಿದ ಮರವನ್ನು ನೆಟ್ಟವನೂ ಅವನ ಸಂತತಿಯೂ ತಿಳಿವಳಿಕೆ ಕೊಟ್ಟು ಕಡಿದುಕೊಳ್ಳುವ ಹಕ್ಕುಳ್ಳವರಾಗಲಿ. ಹೊಸ ಇಲಾಖೆಯೇನೂ ಬೇಕಾಗದು. 2011-12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಗಿಡಗಳನ್ನು ಎಣಿಸಿ ರೈತನಿಗೆ ಹಣ ಕೊಡುವ ಪದ್ಧತಿಯನ್ನು ಸರ್ಕಾರವೇ ಹಾಕಿಕೊಟ್ಟಿದೆ. ಎಣಿಸಬಲ್ಲವರು ಬರೆದಿಡಲೂ ಬಲ್ಲರು.

ನೆರಳು ಹೋದರೆ ನಷ್ಟವು ಹಕ್ಕಿಗಷ್ಟೇ ಅಲ್ಲ, ತೋಟಗಾರನ ಗಂಟಿಗೂ ಉಂಟು. ಅರೇಬಿಕಾ ಗಿಡದ ಮಹಾಶತ್ರುವಾದ ಬಿಳಿ ಕಾಂಡಕೊರಕವು ಬಿಸಿಲು ಬಿದ್ದ ಗಿಡವನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ನೆರಳು ತೆಳುವಾದ ತೋಟದಲ್ಲಿ ಅದರ ಹಾವಳಿ ಹೆಚ್ಚು. ಕೊರಕಕ್ಕೆ ಸೋತು ಅರೇಬಿಕಾವನ್ನು ಕಿತ್ತು ರೊಬಸ್ಟಾ ನೆಟ್ಟವರು ಹಲವರು. ರೊಬಸ್ಟಾಕ್ಕಾದರೋ ಹೂವರಳಲು ಸಕಾಲದಲ್ಲಿ ನೀರು ಬೇಕು. ಹೂಮಳೆ ಬಾರದಿದ್ದರೆ ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ಹಳ್ಳಕ್ಕೆ ಪಂಪು ಇಳಿಸಿ ಸ್ಪ್ರಿಂಕ್ಲರಿನಿಂದ ತೋಟವನ್ನು ತೋಯಿಸಬೇಕು. ಎಲ್ಲರೂ ಒಂದೇ ವಾರದಲ್ಲಿ ಒಂದೇ ಹಳ್ಳವನ್ನು ಹೀರಿದರೆ ಕೆಳಗಿನವನ ಪಾಡೇನು? ಮರದ ಬೇರೂ ತರಗೆಲೆಯ ಹೊದಿಕೆಯೂ ಮಳೆಗಾಲದಲ್ಲಿ ಹಿಡಿದಿಟ್ಟ ನೀರೇ ಬೇಸಗೆಯಲ್ಲಿ ಹಳ್ಳವಾಗಿ ಹರಿಯುವುದು. ಕೂಡಿಟ್ಟವರಿಲ್ಲದೆ ಖರ್ಚು ಮಾಡುವವರು ಮಾತ್ರ ಇದ್ದರೆ ಯಾವ ಮನೆತನವೂ ನಿಲ್ಲದು. ಮಳೆಯಾದರೂ ಹಿಂದಿನಂತೆ ಹದವಾಗಿ ಸುರಿಯುತ್ತಿಲ್ಲ. 2018ರಲ್ಲಿ ಕೊಡಗಿನಲ್ಲಿಯೂ, 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲೂಕಿನಲ್ಲಿಯೂ ಗುಡ್ಡಗಳು ಜರಿದುವು. ಚಾರ್ಮಾಡಿ ಘಾಟಿಯ ಮಾರ್ಗವೇ ಮುಚ್ಚಿಹೋಯಿತು. ಅಷ್ಟು ಮಳೆಗೆ ಮರವೊಂದೇ ಮದ್ದೆಂದು ನಾವು ಹೇಳುವುದಿಲ್ಲ. ಇಳಿಜಾರನ್ನು ಕಡಿದು ಮಾಡಿದ ರಸ್ತೆ, ನೀರಿನ ದಾರಿಗೆ ಅಡ್ಡವಾದ ಕಟ್ಟಡ ಇವಕ್ಕೂ ಲೆಕ್ಕ ಕೊಡಬೇಕು. ಆದರೆ ಬೇರಿಲ್ಲದ ಮಣ್ಣು ಬೇರಿರುವ ಮಣ್ಣಿಗಿಂತ ಬೇಗ ಜಾರುವುದೆಂಬುದಕ್ಕೆ ಪಂಡಿತರ ಸಾಕ್ಷ್ಯ ಬೇಡ.

ಮರದ ವಿಷಯವಾಯಿತು, ಇನ್ನು ಹಳ್ಳದ ವಿಷಯ. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆಯನ್ನು ಕಳೆದು, ತೊಳೆದು, ಕಣದಲ್ಲಿ ಒಣಗಿಸುವುದು ಪಾರ್ಚ್‌ಮೆಂಟ್ ಕಾಫಿಯ ಕ್ರಮ. ಒಂದು ಕಿಲೋ ಕಾಫಿಬೀಜಕ್ಕೆ ಸುಮಾರು ಆರು ಕಿಲೋ ಹಣ್ಣು ಬೇಕು. ಹಣ್ಣಿನ ತೂಕದಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಬರಿಯ ಸಿಪ್ಪೆ. ತೊಳೆದ ನೀರಿನಲ್ಲಿ ಸಕ್ಕರೆಯೂ ಲೋಳೆಯೂ ತುಂಬಿರುತ್ತವೆ. ಅದು ಹುಳಿಯುತ್ತದೆ, ಹಳ್ಳಕ್ಕೆ ಸೇರಿದರೆ ಅದನ್ನು ಕೊಳೆಯಿಸುವ ಕ್ರಿಮಿಗಳು ನೀರಿನಲ್ಲಿರುವ ಪ್ರಾಣವಾಯುವನ್ನು ತಿಂದುಬಿಡುತ್ತವೆ. ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತದೆ; ನೀರು ಕಪ್ಪಾಗಿ ನಾರುತ್ತದೆ. ಪಟ್ಟಣದ ಚರಂಡಿಯ ನೀರಿಗಿಂತ ಇದರ ಕೊಳೆಯ ಬಲವು ಹಲವು ಪಟ್ಟು. ಇದೆಲ್ಲವೂ ನಡೆಯುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಅಂದರೆ ಮಳೆ ನಿಂತು ಹಳ್ಳವು ಸೊರಗುವ ಕಾಲಕ್ಕೆ ಸರಿಯಾಗಿ. ಆಷಾಢದ ಪ್ರವಾಹವಾದರೆ ಕೊಚ್ಚಿಕೊಂಡು ಹೋದೀತು. ಪುಷ್ಯದ ಹಳ್ಳವು ಎಲ್ಲಿಗೆ ಒಯ್ದೀತು? ಅದರ ಕೆಳಗೆ ಬಟ್ಟೆ ಒಗೆಯುವವರು, ದನ ಕುಡಿಸುವವರು, ಕೊಳಾಯಿಯಿಲ್ಲದ ಕಡೆ ಕೊಡ ತುಂಬುವವರು, ಇವರೆಲ್ಲರೂ ಬಹುಮಟ್ಟಿಗೆ ಕೂಲಿಯವರು. ಹಣ್ಣು ಕೊಯ್ದವರಿಗೇ ಹಣ್ಣಿನ ಕೊಳೆಯನ್ನು ಕುಡಿಯಿಸುವುದು ಯಾವ ಧರ್ಮವೂ ಒಪ್ಪುವ ಮಾತಲ್ಲ.

ಉಪಾಯವು ಇಲ್ಲವೆಂದಲ್ಲ. ಸ್ವಲ್ಪವೇ ನೀರಿನಲ್ಲಿ ಲೋಳೆಯನ್ನು ಉಜ್ಜಿ ತೆಗೆಯುವ ಯಂತ್ರಗಳು ಬಂದಿವೆ. ನೀರು ಕಡಮೆಯಾದಷ್ಟು ಕೊಳಕು ನೀರಿನ ಗುಂಡಿಯೂ ಸಣ್ಣದಾದೀತು. ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿಯನ್ನು ಮುರಿದು, ತಿಳಿಯಾಗಿಸಿ ತೋಟಕ್ಕೇ ಹಾಯಿಸುವ ಕ್ರಮವುಂಟು. ಅದೇ ನೀರಿನಿಂದ ಅನಿಲವನ್ನು ಹುಟ್ಟಿಸಿ ಒಲೆ ಉರಿಸುವ ಕ್ರಮವೂ ಉಂಟು. ಸಿಪ್ಪೆಯನ್ನು ಸೆಗಣಿ, ಸೊಪ್ಪುಗಳೊಡನೆ ಪದರ ಪದರವಾಗಿ ಹಾಕಿ ಕೊಳೆಯಿಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಚೀಲಕ್ಕೆ ಚೀಲ ರಸಗೊಬ್ಬರವನ್ನು ಕೊಳ್ಳುವ ಖರ್ಚಿನಲ್ಲಿ ಒಂದು ಪಾಲು ಉಳಿಯುತ್ತದೆ. ದೊಡ್ಡ ಎಸ್ಟೇಟುಗಳಿಗೆ ಇದು ಭಾರವಲ್ಲ. 1974ರ ಜಲಮಾಲಿನ್ಯ ಕಾನೂನಿನ ಕೆಳಗೆ ಅವರು ಹೊಣೆಗಾರರೂ ಆಗಿದ್ದಾರೆ.

ತೊಡಕು ಇರುವುದು ಸಣ್ಣ ಹಿಡುವಳಿಯವನ ವಿಷಯದಲ್ಲಿ. ಭಾರತದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿಯ ತೋಟವು 25 ಎಕರೆಗಳ ಒಳಗಿನದು. ನಾಲ್ಕು ಎಕರೆಯವನಿಗೆ ಯಂತ್ರವನ್ನೂ ಗುಂಡಿಗಳನ್ನೂ ಸುಣ್ಣವನ್ನೂ ಒದಗಿಸಿಕೊಳ್ಳೆಂದು ಹೇಳುವುದು ಸುಲಭ, ಒದಗಿಸಿಕೊಳ್ಳುವುದು ಸಾಧ್ಯವಿಲ್ಲ. ಅವನ ಮೇಲೆ ನೋಟೀಸು ಹೊರಡಿಸಿದರೆ ಅವನು ತೊಳೆಯುವುದನ್ನೇ ಬಿಟ್ಟು ಹಣ್ಣನ್ನು ಹಾಗೆಯೇ ಒಣಗಿಸಿ ಚೆರಿಯಾಗಿ ಕಡಮೆ ಬೆಲೆಗೆ ಮಾರುವನು, ಇಲ್ಲವೆ ರಾತ್ರಿಯಲ್ಲಿ ಕೊಳಕು ನೀರನ್ನು ಹಳ್ಳಕ್ಕೆ ಬಿಡುವನು. ಆದುದರಿಂದ ಒಂದೊಂದು ಹಳ್ಳದ ಬುಡದ ಸಣ್ಣ ಬೆಳೆಗಾರರು ಸೇರಿ ಒಂದು ಪಲ್ಪರ್ ಮನೆಯನ್ನು ಸಹಕಾರದಿಂದ ಕಟ್ಟಬೇಕು. ಹತ್ತು ಮಂದಿಯ ಹಣ್ಣು ಒಂದೆಡೆ ಬಂದರೆ ಒಂದು ಯಂತ್ರ, ಒಂದು ಸಾಲು ಗುಂಡಿ, ಒಂದು ಗೊಬ್ಬರದ ತಿಪ್ಪೆ ಸಾಕು. ಒಂದೇ ಬಗೆಯ ಕಾಫಿ ದೊಡ್ಡ ಗಂಟಾಗಿ ದೊರೆಯುವುದರಿಂದ ವ್ಯಾಪಾರಿಯ ಎದುರು ಮಾತಿಗೂ ಬಲ ಬರುತ್ತದೆ. ಸಹಕಾರದ ವಿಷಯದಲ್ಲಿ ಕನ್ನಡನಾಡು ಹಿಂದುಳಿದದ್ದಲ್ಲ. ಭಾರತದಲ್ಲಿಯೇ ಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಹುಟ್ಟಿತು. ಸಾಲಕ್ಕಾಗಿ ಕೂಡಿದವರು ನೀರಿಗಾಗಿಯೂ ಕೂಡಬಲ್ಲರು. 2024ರಲ್ಲಿ ಕಾಫಿಯ ಬೆಲೆಯು ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಬೆಲೆ ಬಂದ ಕಾಲದಲ್ಲಿ ಮಾಡದ ಕೆಲಸವನ್ನು ಬೆಲೆ ಬಿದ್ದ ಕಾಲದಲ್ಲಿ ಯಾರೂ ಮಾಡಲಾರರು.

ಇವನ್ನೆಲ್ಲ ಯಾರು ನಡೆಸಬೇಕು? ಗ್ರಾಮವೇ ನಡೆಸಬೇಕೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. 2002ರ ಜೀವವೈವಿಧ್ಯ ಕಾನೂನಿನಂತೆ ಪ್ರತಿಯೊಂದು ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು. ಊರಿನ ಮರ, ಬಳ್ಳಿ, ಮೀನು, ಮದ್ದಿನ ಗಿಡ ಎಲ್ಲವನ್ನೂ ಊರವರನ್ನೇ ಕೇಳಿ ಒಂದು ದಾಖಲೆಯಲ್ಲಿ ಬರೆಯಬೇಕು. ಕಾಗದದ ಮೇಲೆ ಸಮಿತಿಗಳು ಆಗಿವೆ, ದಾಖಲೆಗಳೂ ಆಗಿವೆ. ಆದರೆ ಎಷ್ಟು ಊರುಗಳಲ್ಲಿ ಆ ಪುಸ್ತಕವು ಬೀರುವಿನಿಂದ ಹೊರಗೆ ಬಂದಿದೆ? ಸಮಿತಿಯ ಸದಸ್ಯರಲ್ಲಿ ಎಷ್ಟು ಮಂದಿಗೆ ತಾವು ಸದಸ್ಯರೆಂದು ಗೊತ್ತಿದೆ? ಈ ಪ್ರಶ್ನೆಗಳನ್ನು ನಮ್ಮ ಪಂಚಾಯತಿಗಳ ಅಭಿವೃದ್ಧಿ ಅಧಿಕಾರಿಗಳು ತಮ್ಮನ್ನು ತಾವೇ ಕೇಳಿಕೊಳ್ಳಲೆಂದು ಬೇಡುತ್ತೇವೆ. ಇದೇ ಚಿಕ್ಕಮಗಳೂರು ಜಿಲ್ಲೆಯ ಹೊಗ್ರೇಕಾನ್ ಪ್ರದೇಶವು 2010ರಲ್ಲಿ ಆ ಕಾನೂನಿನ ಕೆಳಗೆ ಪಾರಂಪರಿಕ ತಾಣವೆನಿಸಿತು. ಕಾನೂನಿನಲ್ಲಿ ಶಕ್ತಿಯಿದೆ, ಅದನ್ನು ಎತ್ತುವ ಕೈ ಬೇಕು.

ಊರವರ ಕೈಗೆ ಆ ಬಲವಿದೆಯೇ ಎಂದು ಸಂದೇಹಪಡುವವರಿಗೆ ಸಿರ್ಸಿ ತಾಲೂಕಿನ ಸಾಲ್ಕಣಿಯನ್ನು ನೆನಪಿಸುವೆವು. 1983ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಹೆಂಗಸರೂ ಗಂಡಸರೂ ಕಾಡಿಗೆ ನಡೆದು, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಎಂಬ ಕನ್ನಡದ ಮಾತು ಅಂದು ದೇಶದ ಮಾತಾಯಿತು. ಅವರು ಎದುರಿಸಿದ್ದು ಸರ್ಕಾರದ ಕಂತ್ರಾಟುದಾರನ ಕೊಡಲಿಯನ್ನು. ಗೋಣಿಬೀಡಿನ ಸೀಮೆಯಲ್ಲಿ ಕೊಡಲಿಯು ನಮ್ಮವನ ಕೈಯಲ್ಲಿಯೇ ಇದೆ. ಆದುದರಿಂದ ಇಲ್ಲಿ ಅಪ್ಪಿಕೊಳ್ಳುವುದಕ್ಕಿಂತ ಒಪ್ಪಿಕೊಳ್ಳುವುದು ಹೆಚ್ಚು ಕಷ್ಟ. ತನ್ನ ಬೇಲಿಯೊಳಗಿನ ಮರವೂ ತನ್ನ ಪಕ್ಕದ ಹಳ್ಳವೂ ತನ್ನೊಬ್ಬನ ಸ್ವತ್ತಲ್ಲವೆಂದು ಒಪ್ಪಬೇಕು.

ಮತ್ತೊಂದು ಮಾತು. ಐರೋಪ್ಯ ಒಕ್ಕೂಟವು 2023ರಲ್ಲಿ ಒಂದು ಕಾನೂನನ್ನು ಅಂಗೀಕರಿಸಿದೆ: 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದು ಮಾಡಿದ ನೆಲದ ಕಾಫಿಯು ಅವರ ಪೇಟೆಗೆ ಬರಕೂಡದು, ತೋಟದ ನೆಲೆಯನ್ನು ನಕ್ಷೆಯೊಡನೆ ತೋರಿಸಬೇಕು. ಜಾರಿಗೆ ತರುವ ದಿನವನ್ನು ಅವರು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಿದ್ದಾರೆ. ನಮ್ಮ ಕಾಫಿಯಲ್ಲಿ ದೊಡ್ಡ ಪಾಲು ಇಟಲಿ, ಜರ್ಮನಿ ಮೊದಲಾದ ದೇಶಗಳಿಗೆ ಹೋಗುವುದರಿಂದ ತೋಟಗಾರರಿಗೆ ಇದು ಚಿಂತೆಯ ವಿಷಯವಾಗಿದೆ. ತಮ್ಮ ಕಾಡುಗಳನ್ನು ಎಂದೋ ಕಡಿದು ಮುಗಿಸಿದವರು ನಮಗೆ ಕಾಡಿನ ಪಾಠ ಹೇಳಬರುವುದು ಸೋಜಿಗವೆಂದು ಯಾರಾದರೂ ನಕ್ಕರೆ ನಾವು ತಡೆಯೆವು. ಆದರೆ ನಗೆಯಿಂದ ಕಾಫಿ ಮಾರಾಟವಾಗದು. ಪರರ ಕಾನೂನಿಗೆ ಅಂಜಿ ಮರವುಳಿಸುವುದಕ್ಕಿಂತ ನಮ್ಮ ಪಂಚಾಯತಿಯ ಪುಸ್ತಕದಲ್ಲಿ ನಮ್ಮ ಮರಗಳ ಲೆಕ್ಕವನ್ನು ನಾವೇ ಬರೆದಿಡುವುದು ಮಾನವಂತರ ದಾರಿ. ಆ ಪುಸ್ತಕವಿದ್ದಲ್ಲಿ ಯಾವ ದೇಶದವನು ಕೇಳಿದರೂ ತೆಗೆದು ತೋರಿಸಬಹುದು. ಸ್ವರಾಜ್ಯವೆಂದರೆ ಮತದ ಪೆಟ್ಟಿಗೆಯೊಂದೇ ಅಲ್ಲ. ತನ್ನ ನೆಲದ ಲೆಕ್ಕವನ್ನು ತಾನು ಬಲ್ಲವನಾಗಿರುವುದೂ ಹೌದು.

ಪಟ್ಟಣದ ವಾಚಕರೂ ತಮ್ಮ ಪಾಲನ್ನು ಮರೆಯಬಾರದು. ಶನಿವಾರ ಭಾನುವಾರಗಳಂದು ದೇವರಮನೆಗೂ ಎತ್ತಿನಭುಜಕ್ಕೂ ಕಾರು ಹತ್ತಿ ಹೋಗುವವರು ಬಹುಮಂದಿ. ಹೋಗಲಿ; ನಾಡನ್ನು ನೋಡುವುದು ಒಳ್ಳೆಯದೇ. ಆದರೆ ಅವರು ಬಿಟ್ಟುಬರುವ ಬಾಟಲಿಯೂ ಪ್ಲಾಸ್ಟಿಕ್ಕಿನ ತಟ್ಟೆಯೂ ಮೊದಲ ಮಳೆಗೆ ಹಳ್ಳಕ್ಕಿಳಿದು, ಹೊಳೆಗಿಳಿದು, ಅವರೇ ಕುಡಿಯುವ ನೀರಿನ ಕಡೆಗೆ ಹೊರಡುತ್ತವೆ. ಕರ್ನಾಟಕವು 2016ರಲ್ಲಿಯೇ ಪ್ಲಾಸ್ಟಿಕ್ಕಿನ ಕೈಚೀಲವನ್ನು ನಿಷೇಧಿಸಿತು. 2022ರ ಜುಲೈಯಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶಕ್ಕೆಲ್ಲಾ ನಿಷೇಧ ಬಂದಿತು. ಒಯ್ದವನೇ ವಾಪಸು ತರಬೇಕೆಂಬುದಕ್ಕೆ ಹೊಸ ಕಾನೂನು ಬೇಕೆ?

ಈಗ ನಮ್ಮ ಸೂಚನೆಗಳನ್ನು ಒಟ್ಟುಗೂಡಿಸುವೆವು. ಮೊದಲನೆಯದಾಗಿ, ನೆಟ್ಟು ಬೆಳೆಸಿ ದಾಖಲೆ ಮಾಡಿಸಿದ ನಾಡಮರದ ಮೇಲೆ ನೆಟ್ಟವನಿಗೆ ಪೂರ್ಣವಾದ ಹಕ್ಕು ಬರುವಂತೆ 1976ರ ಕಾನೂನನ್ನು ತಿದ್ದಬೇಕು; ಹಳೆಯ ಮರವನ್ನು ಉಳಿಸಿಕೊಂಡವನಿಗೆ ಉಳಿಸಿದ್ದಕ್ಕಾಗಿ ಏನಾದರೂ ಸಲ್ಲಬೇಕು. ಎರಡನೆಯದಾಗಿ, ಸಣ್ಣ ಬೆಳೆಗಾರರ ಸಹಕಾರದ ಪಲ್ಪರ್ ಮನೆಗಳಿಗೆ ಕಾಫಿ ಮಂಡಲಿಯೂ ರಾಜ್ಯ ಸರ್ಕಾರವೂ ಸೇರಿ ಬಂಡವಾಳವನ್ನು ಒದಗಿಸಬೇಕು. ಮೂರನೆಯದಾಗಿ, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಳ್ಳದ ನೀರಿನ ಪರೀಕ್ಷೆಯ ಫಲವನ್ನು ಪಂಚಾಯತಿಯ ಬಾಗಿಲಿನಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು. ನಾಲ್ಕನೆಯದಾಗಿ, ಹೇಮಾವತಿಯ ನೀರನ್ನುಣ್ಣುವ ಬಯಲುಸೀಮೆಯ ಜಿಲ್ಲೆಗಳು ಅದರ ಮೂಲದ ರಕ್ಷಣೆಗೆ ತಮ್ಮದೊಂದು ಪಾಲನ್ನು ಕೊಡಬೇಕು. ಕಾಲುವೆಗೆ ನೂರಾರು ಕೋಟಿ ಸುರಿಯಬಲ್ಲ ಸರ್ಕಾರವು ಕಾಲುವೆಗೆ ನೀರು ಕೊಡುವ ಮರಕ್ಕೆ ಬಿಡಿಕಾಸು ಇಲ್ಲವೆಂದರೆ ಅದು ಲೆಕ್ಕವಲ್ಲ.

ಇವುಗಳಲ್ಲಿ ಯಾವುದೊಂದೂ ಅಸಾಧ್ಯವಾದುದಲ್ಲ, ಯಾವುದಕ್ಕೂ ಏಳನೆಯ ಕರಡನ್ನು ಕಾಯಬೇಕಾದುದಿಲ್ಲ. ಬರುವ ಮುಂಗಾರಿಗೆ ಗೋಣಿಬೀಡಿನ ಒಬ್ಬ ಬೆಳೆಗಾರನು ಸಿಲ್ವರಿನ ಸಾಲಿನ ನಡುವೆ ಒಂದು ಗೋಣಿಯ ಸಸಿಯನ್ನು ನೆಡಬಹುದು. ಆ ಸಸಿಯು ತನ್ನ ಮಗನಿಗೆ ಕಂಟಕವಾಗದೆಂಬ ಭರವಸೆಯನ್ನು ಅವನಿಗೆ ಕೊಡುವುದು ಸರ್ಕಾರದ ಕೆಲಸ. ಆ ಭರವಸೆಯನ್ನು ಸರ್ಕಾರದಿಂದ ಕೇಳಿ ಪಡೆಯುವುದು, ನೀರಿನ ಪಾಲಿಗಾಗಿ ಬೀದಿಗಿಳಿಯಬಲ್ಲ ನಮ್ಮೆಲ್ಲರ ಕೆಲಸ.